ಮೈಮೇಲಿನ ಸಹಿ ಯಾರ ಸ್ವತ್ತು?

2021ರ ಡಿಸೆಂಬರ್ 25ರಂದು ನ್ಯೂಜಿಲೆಂಡಿನ ಪ್ರಮುಖ ಖಾಸಗಿ ಟಿ.ವಿ. ವಾಹಿನಿಯೊಂದರಲ್ಲಿ ಸಂಜೆ ಆರು ಗಂಟೆಯ ಪ್ರಧಾನ ವಾರ್ತೆಯನ್ನು ಓದಿದವರು ಒರಿನಿ ಕೈಪಾರಾ ಎಂಬ ಮಾವೊರಿ ಪತ್ರಕರ್ತೆ. ಅವರ ತುಟಿಯಿಂದ ಗದ್ದದ ತುದಿಯವರೆಗೆ ಕಡುಬಣ್ಣದ ಗೆರೆಗಳ ಹಚ್ಚೆಯಿತ್ತು. ಮೊಕೊ ಕೌವಾಯೆ ಎಂದು ಕರೆಯಲಾಗುವ ಈ ಹಚ್ಚೆಯನ್ನು ಮುಖದಲ್ಲಿ ಧರಿಸಿದ ಮಹಿಳೆಯೊಬ್ಬರು ಆ ದೇಶದ ಮುಖ್ಯವಾಹಿನಿಯ ಪ್ರಧಾನ ವಾರ್ತೆಯನ್ನು ನಡೆಸಿಕೊಟ್ಟದ್ದು ಅದೇ ಮೊದಲು. ಹೊಸ ವರ್ಷ ಹುಟ್ಟುವಷ್ಟರಲ್ಲಿ ದೂರುಗಳೂ ಬಂದವು. ಇಂಥ ಮುಖವನ್ನು ಪರದೆಯ ಮೇಲೆ ನೋಡುವುದು ತನಗೆ ಮುಜುಗರ ತರುತ್ತದೆಂಬುದು ಒಬ್ಬ ವೀಕ್ಷಕನ ಅಹವಾಲು. ಕೈಪಾರಾ ಸೌಜನ್ಯದಿಂದಲೇ ಉತ್ತರ ಕೊಟ್ಟು ಸುದ್ದಿ ಓದುವುದನ್ನು ಮುಂದುವರಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಗೆದ್ದು ಸಂಸತ್ತಿಗೂ ಹೋದರು.

ಇದಕ್ಕೆ ಒಂದು ವರ್ಷ ಮೊದಲು, 2020ರ ನವೆಂಬರ್‌ನಲ್ಲಿ, ನಾನಾಯಾ ಮಹುತಾ ಅದೇ ದೇಶದ ವಿದೇಶಾಂಗ ಸಚಿವೆಯಾದಾಗಲೂ ಇದೇ ಬಗೆಯ ಮಾತು ಕೇಳಿಬಂದಿತ್ತು. ಗದ್ದದ ಮೇಲೆ ಹಚ್ಚೆ ಹೊತ್ತ ಹೆಂಗಸು ರಾಜತಾಂತ್ರಿಕತೆಯ ಮೇಜಿನ ಮುಂದೆ ಕೂರುವುದು ಅನಾಗರಿಕವೆಂಬ ಅರ್ಥದಲ್ಲಿ ಲೇಖಕಿಯೊಬ್ಬರು ಬರೆದರು. ಆ ಮಾತಿಗೆ ಎದ್ದ ಆಕ್ಷೇಪ ಎಷ್ಟಿತ್ತೆಂದರೆ ಆಕೆಯ ಪುಸ್ತಕವನ್ನು ಮಾರಾಟದಿಂದ ಹಿಂತೆಗೆದ ಅಂಗಡಿಯೂ ಇದೆ. ಪುಸ್ತಕ ಹಿಂತೆಗೆದದ್ದು ಸರಿಯೇ ಎಂಬ ಪ್ರಶ್ನೆ ಇಲ್ಲಿ ಬೇಡ. ನನ್ನ ಕುತೂಹಲ ಇರುವುದು ‘ಅನಾಗರಿಕ’ ಎಂಬ ಆ ಒಂದು ಪದದ ಬಗ್ಗೆ. ಮೂಲನಿವಾಸಿ ಜನರ ಮೈಯಲಂಕಾರವನ್ನು ಕಂಡಾಗಲೆಲ್ಲ ಹೊರಗಿನವರ ಬಾಯಿಗೆ ಮೊದಲು ಬರುವ ಪದ ಅದೇ. ಎರಡನೆಯದಾಗಿ ಬರುವುದು ‘ಎಷ್ಟು ಸುಂದರ!’ ಎಂಬ ಉದ್ಗಾರ. ಎರಡನೆಯದು ಮೊದಲನೆಯದಕ್ಕಿಂತ ನಿರಪಾಯಕಾರಿ ಎಂದು ನಾವು ಭಾವಿಸಿಕೊಂಡಿದ್ದೇವೆ. ಇತಿಹಾಸ ಹಾಗೆ ಹೇಳುವುದಿಲ್ಲ.

ಮಾವೊರಿಗಳ ಮೊಕೊ ಎಂದರೇನು ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಹಚ್ಚೆಯ ಪರಂಪರೆ ಬಹಳ ಹಳೆಯದು. ಇಂಗ್ಲಿಷಿನ ‘ಟ್ಯಾಟೂ’ ಎಂಬ ಪದವೇ ಪಾಲಿನೇಷ್ಯದ ‘ತತಾವು’ ಎಂಬುದರಿಂದ ಬಂದದ್ದು. ಕ್ಯಾಪ್ಟನ್ ಕುಕ್‌ನ 1769ರ ಯಾನದ ನಂತರ ಯುರೋಪಿನಲ್ಲಿ ಬಳಕೆಗೆ ಬಂದದ್ದು. ಮಾವೊರಿಗಳ ಪದ್ಧತಿ ಇದರಲ್ಲೂ ವಿಶಿಷ್ಟ. ಅವರು ಸೂಜಿಯಿಂದ ಚುಚ್ಚುತ್ತಿರಲಿಲ್ಲ. ಕಡಲಕ್ಕಿಯ ಮೂಳೆಯಿಂದ ಮಾಡಿದ ‘ಉಹಿ’ ಎಂಬ ಪುಟ್ಟ ಉಳಿಯನ್ನು ಚರ್ಮದ ಮೇಲಿಟ್ಟು, ಸಣ್ಣ ಕೊಡತಿಯಿಂದ ತಟ್ಟಿ, ಮರದ ಕೆತ್ತನೆಯ ಹಾಗೆ ಗೀರು ತೆಗೆಯುತ್ತಿದ್ದರು. ಆ ಗೀರಿಗೆ ಮಸಿಯ ಬಣ್ಣ ತುಂಬುತ್ತಿದ್ದರು. ಮುಖವನ್ನು ಮುಟ್ಟಿದರೆ ಬೆರಳಿಗೆ ಆ ಸಾಲುಗಳು ತಾಗುತ್ತಿದ್ದವು. ಕೆಲಸ ನಡೆಯುವ ದಿನಗಳಲ್ಲಿ ಊತ ಎಷ್ಟಿರುತ್ತಿತ್ತೆಂದರೆ, ಜೊತೆಗೆ ಮಡಿಯ ಕಟ್ಟುಪಾಡೂ ಎಷ್ಟಿತ್ತೆಂದರೆ, ಹಚ್ಚೆಗೆ ಕೂತವನಿಗೆ ಕೆತ್ತನೆಯ ಮರದ ಆಲಿಕೆಯ ಮೂಲಕ ಆಹಾರವನ್ನು ಬಾಯಿಗೆ ಹೊಯ್ಯುತ್ತಿದ್ದರು. ವಿನ್ಯಾಸದಲ್ಲಿ ವಂಶ, ಸ್ಥಾನಮಾನ, ಸಾಧನೆ ಎಲ್ಲವೂ ಇರುತ್ತಿದ್ದವು. ಇಬ್ಬರ ಮೊಕೊ ಒಂದೇ ಆಗಿರುತ್ತಿರಲಿಲ್ಲ.

ತೆ ಪೆಹಿ ಕುಪೆ ಎಂಬ ಮಾವೊರಿ ಮುಖ್ಯಸ್ಥ 1820ರ ದಶಕದ ಮಧ್ಯದಲ್ಲಿ ಇಂಗ್ಲೆಂಡಿಗೆ ಹೋಗಿದ್ದ. ಲಿವರ್‌ಪೂಲಿನಲ್ಲಿ ಆತ ತನ್ನ ಮುಖದ ಮೊಕೊವನ್ನು ಕನ್ನಡಿಯ ನೆರವಿಲ್ಲದೆ, ಒಂದು ಗೆರೆಯೂ ತಪ್ಪದ ಹಾಗೆ ಕಾಗದದ ಮೇಲೆ ಬರೆದು ತೋರಿಸಿದ. ಯುರೋಪಿನವರು ಅಕ್ಷರಗಳಲ್ಲಿ ಬರೆಯುವ ಹೆಸರಿಗೂ ತನ್ನ ಮುಖದ ಈ ಗೆರೆಗಳಿಗೂ ವ್ಯತ್ಯಾಸವಿಲ್ಲವೆಂಬುದು ಅವನ ತಿಳಿವಳಿಕೆಯಾಗಿತ್ತು. 1830ರಲ್ಲಿ ಪ್ರಕಟವಾದ ಪುಸ್ತಕವೊಂದರಲ್ಲಿ ಆ ರೇಖಾಚಿತ್ರ ಅಚ್ಚಾಗಿ ಉಳಿದಿದೆ. ಹತ್ತು ವರ್ಷಗಳ ನಂತರ, 1840ರಲ್ಲಿ, ಬ್ರಿಟಿಷ್ ರಾಣಿಗೂ ಮಾವೊರಿ ಮುಖ್ಯಸ್ಥರಿಗೂ ನಡುವೆ ವೈಟಾಂಗಿ ಒಪ್ಪಂದವಾದಾಗ ಹಲವು ಮುಖ್ಯಸ್ಥರು ಸಹಿಯ ಜಾಗದಲ್ಲಿ ತಮ್ಮ ಮೊಕೊದ ಒಂದು ಭಾಗವನ್ನು ಬರೆದರು. ಅದಕ್ಕೂ ಹಿಂದಿನ ಭೂಮಿಯ ಕ್ರಯಪತ್ರಗಳಲ್ಲಿಯೂ ಇಂಥ ಸಹಿಗಳಿವೆ. ಅಂದರೆ ಬ್ರಿಟಿಷ್ ಸಾಮ್ರಾಜ್ಯ ಒಂದು ದೇಶವನ್ನೇ ಪಡೆದುಕೊಳ್ಳುವಾಗ ಈ ಗೆರೆಗಳನ್ನು ಕಾನೂನುಬದ್ಧ ಸಹಿಯೆಂದು ಒಪ್ಪಿಕೊಂಡಿತ್ತು. ಅಲಂಕಾರವೆಂದೋ ಅನಾಗರಿಕವೆಂದೋ ಅನ್ನಿಸತೊಡಗಿದ್ದು ಜಮೀನು ಕೈಸೇರಿದ ಮೇಲೆ!

ಇನ್ನು ‘ಎಷ್ಟು ಸುಂದರ’ ಎಂದವರ ಕಥೆ. ಮೃತರಾದ ಗಣ್ಯರ ತಲೆಯನ್ನು ಹೊಗೆಯಲ್ಲಿ ಒಣಗಿಸಿ, ಎಣ್ಣೆ ಸವರಿ, ಮೊಕೊ ಅಳಿಯದಂತೆ ಕಾಪಿಟ್ಟು, ವಿಶೇಷ ಸಂದರ್ಭಗಳಲ್ಲಿ ಹೊರತೆಗೆದು ದುಃಖಿಸುವ ರೂಢಿ ಮಾವೊರಿಗಳಲ್ಲಿತ್ತು. ಯುದ್ಧದಲ್ಲಿ ಬಿದ್ದ ಶತ್ರುಗಳ ತಲೆಗಳನ್ನೂ ಇರಿಸಿಕೊಳ್ಳುತ್ತಿದ್ದರು. ಅವನ್ನು ತೊಯಿ ಮೊಕೊ ಎನ್ನುತ್ತಾರೆ. 1770ರ ಜನವರಿಯಲ್ಲಿ ಕುಕ್‌ನ ಹಡಗಿನಲ್ಲಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಇಂಥ ಒಂದು ತಲೆಯನ್ನು ಒಂದು ಜೊತೆ ಹಳೆಯ ನಾರುಬಟ್ಟೆಯ ಒಳಚಡ್ಡಿ ಕೊಟ್ಟು ಪಡೆದ. ಕೊಡಲು ಹಿಂಜರಿದ ಮುದುಕನಿಗೆ ಬಂದೂಕು ತೋರಿಸಬೇಕಾಯಿತಂತೆ. ಮುಂದಿನ ಅರವತ್ತು ವರ್ಷಗಳಲ್ಲಿ ಯುರೋಪಿನ ಸಂಗ್ರಹಕಾರರ ಹಂಬಲ ಬೆಳೆದು ದೊಡ್ಡ ವ್ಯಾಪಾರವೇ ಶುರುವಾಯಿತು. ಅಂತಃಕಲಹದಲ್ಲಿ ಬದುಕುಳಿಯಲು ಬುಡಕಟ್ಟುಗಳಿಗೆ ಬಂದೂಕು ಬೇಕಿತ್ತು. ಬಂದೂಕಿಗೆ ಬೆಲೆಯಾಗಿ ತಲೆ ಹೋಗುತ್ತಿತ್ತು. ಗಣ್ಯರ ತಲೆಗಳು ಸಾಲದಾದಾಗ ಸೆರೆಸಿಕ್ಕ ದಾಸರಿಗೆ ಮಾರಾಟಕ್ಕೆಂದೇ ಹಚ್ಚೆ ಕೊರೆದು ಕೊಂದದ್ದೂ ಉಂಟೆಂದು ಆ ಕಾಲದವರು ಬರೆದಿಟ್ಟಿದ್ದಾರೆ. ವಂಶದ ಗುರುತು ಆಳಿನ ಶವದ ಮೇಲಿನ ಬೆಲೆಚೀಟಿಯಾಯಿತು. ಹೇಯವೆನಿಸಿದ ಈ ವ್ಯಾಪಾರವನ್ನು 1831ರಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನ ಗವರ್ನರ್ ರಾಲ್ಫ್ ಡಾರ್ಲಿಂಗ್ ನಿಷೇಧಿಸಬೇಕಾಯಿತು.

ನಿಷೇಧವಾದ ಮೇಲೂ ತಲೆಗಳು ಕೈಯಿಂದ ಕೈಗೆ ದಾಟುತ್ತಲೇ ಇದ್ದವು. ಬ್ರಿಟಿಷ್ ಸೇನಾಧಿಕಾರಿ ಹೊರೇಷಿಯೊ ರಾಬ್ಲೆ ಮೊಕೊದ ಸೌಂದರ್ಯಕ್ಕೆ ನಿಜವಾಗಿಯೂ ಮರುಳಾದವನು. 1896ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಇಂದಿನ ಹಚ್ಚೆಗಾರರಿಗೂ ಅದು ಆಕರ. ಅವನ ಮನೆಯ ಗೋಡೆಯ ಮೇಲೆ ಮೂವತ್ತಕ್ಕೂ ಹೆಚ್ಚು ತಲೆಗಳು ನೇತಾಡುತ್ತಿದ್ದವು. ಅವುಗಳ ಮುಂದೆ ಅವನು ಕುಳಿತು ತೆಗೆಸಿಕೊಂಡ ಛಾಯಾಚಿತ್ರ ಇಂದಿಗೂ ಸಿಗುತ್ತದೆ. ಮನಸ್ಸು ಗಟ್ಟಿಯಿದ್ದವರು ನೋಡಬಹುದು. 1908ರಲ್ಲಿ ಅವನು ಈ ಸಂಗ್ರಹವನ್ನು ಒಂದು ಸಾವಿರ ಪೌಂಡಿಗೆ ನ್ಯೂಜಿಲೆಂಡ್ ಸರ್ಕಾರಕ್ಕೇ ಮಾರಲು ಮುಂದಾದ. ಸರ್ಕಾರ ಬೇಡವೆಂದಿತು. ಬಹುಪಾಲು ತಲೆಗಳು ನ್ಯೂಯಾರ್ಕಿನ ಅಮೆರಿಕನ್ ನಿಸರ್ಗ ಇತಿಹಾಸ ಸಂಗ್ರಹಾಲಯಕ್ಕೆ ಹೋದವು. ಅವು ತವರಿಗೆ ಮರಳಿದ್ದು 2014ರಲ್ಲಿ.

ಫ್ರಾನ್ಸಿನ ರೂವಾನ್ ನಗರದ ವಸ್ತುಸಂಗ್ರಹಾಲಯ ತನ್ನಲ್ಲಿದ್ದ ಒಂದು ತಲೆಯನ್ನು ಹಿಂದಿರುಗಿಸಲು 2007ರಲ್ಲಿ ನಿರ್ಧರಿಸಿದಾಗ ಕೇಂದ್ರದ ಸಂಸ್ಕೃತಿ ಸಚಿವಾಲಯವೇ ಅಡ್ಡ ಬಂತು. ಸಾರ್ವಜನಿಕ ಸಂಗ್ರಹದಲ್ಲಿರುವ ವಸ್ತುವನ್ನು ಪರಭಾರೆ ಮಾಡುವಂತಿಲ್ಲ ಎಂಬುದು ಅದರ ವಾದ. ಹಾಗೆಂದರೆ ಅದು ‘ವಸ್ತು’. ಯಾರದೋ ಮುತ್ತಾತ ಎಂಬುದು ದಾಖಲೆಗೆ ಬರಬೇಕಾದರೆ ಸಂಸತ್ತು 2010ರಲ್ಲಿ ಪ್ರತ್ಯೇಕ ಶಾಸನವನ್ನೇ ಮಾಡಬೇಕಾಯಿತು. 2011ರಲ್ಲಿ ರೂವಾನಿನ ತಲೆಯೂ 2012ರ ಜನವರಿಯಲ್ಲಿ ಫ್ರಾನ್ಸಿನ ಇತರೆಡೆಗಳ ಇಪ್ಪತ್ತು ತಲೆಗಳೂ ಹಿಂದಿರುಗಿದವು. ವೆಲಿಂಗ್ಟನ್ನಿನ ತೆ ಪಾಪಾ ಸಂಗ್ರಹಾಲಯ ಅವುಗಳನ್ನು ಪ್ರದರ್ಶನಕ್ಕೆ ಇಡುವುದಿಲ್ಲ. ಅವಕ್ಕಾಗಿ ಮೀಸಲಾದ ಪವಿತ್ರ ಕೋಣೆಯಿದೆ. ಯಾವ ಕುಲದವರೆಂದು ಪತ್ತೆಯಾದವರನ್ನು ಆ ಕುಲದವರಿಗೆ ಒಪ್ಪಿಸಲಾಗುತ್ತದೆ.

ಇಷ್ಟರ ನಡುವೆ ಜೀವಂತ ಮುಖಗಳ ಮೇಲಿನ ಮೊಕೊ ಅಳಿಯುತ್ತಾ ಬಂದಿತ್ತು. ಗಂಡಸರು 19ನೇ ಶತಮಾನದ ಉತ್ತರಾರ್ಧದಲ್ಲಿ ಬಹುಮಟ್ಟಿಗೆ ಬಿಟ್ಟರು. ಹೆಂಗಸರು ಬಿಡಲಿಲ್ಲ. ಉಳಿಯ ಬದಲು ಸೂಜಿ ಬಂದರೂ 20ನೇ ಶತಮಾನದ ಮೊದಲ ದಶಕಗಳವರೆಗೆ ಗದ್ದದ ಮೊಕೊವನ್ನು ಹೊಯ್ಯಿಸಿಕೊಳ್ಳುತ್ತಲೇ ಇದ್ದರು. ಇತಿಹಾಸಕಾರ ಮೈಕೆಲ್ ಕಿಂಗ್ ಮತ್ತು ಛಾಯಾಗ್ರಾಹಕಿ ಮಾರ್ಟಿ ಫ್ರೀಡ್‌ಲ್ಯಾಂಡರ್ 1972ರಲ್ಲಿ ಹೊರತಂದ ಪುಸ್ತಕದಲ್ಲಿರುವುದು ಅಂಥ ಮುದುಕಿಯರ ಮುಖಗಳು. ಇವರೇ ಕೊನೆಯವರು ಎಂದು ಆಗ ಬಹಳ ಮಂದಿ ನಂಬಿದ್ದರು. ಆದರೆ 1980ರ ದಶಕದಿಂದೀಚೆಗೆ, ಮಾವೊರಿ ಭಾಷೆಯ ಪುನರುಜ್ಜೀವನದ ಜೊತೆಜೊತೆಗೆ, ಮೊಮ್ಮಕ್ಕಳು ಮತ್ತೆ ಹಚ್ಚೆಗೆ ಮುಖವೊಡ್ಡಿದರು. ಕೈಪಾರಾ, ಮಹುತಾ ಇಬ್ಬರೂ ಆ ಸಾಲಿನವರು. ವಾರ್ತೆ ಓದುವ ಮುಖದ ಹಿಂದೆ ಇಷ್ಟು ದೊಡ್ಡ ಲೆಕ್ಕವಿದೆ.

ಮೂಲನಿವಾಸಿಗಳ ಅಲಂಕಾರದ ಕುರಿತು ಪ್ರವಾಸಿ ಪುಸ್ತಕಗಳಲ್ಲಿ, ಟಿ.ವಿ. ಸಾಕ್ಷ್ಯಚಿತ್ರಗಳಲ್ಲಿ ಪದೇ ಪದೇ ಕಾಣಿಸುವ ವಿವರಣೆಯೊಂದು ನನ್ನನ್ನು ಬಹುಕಾಲದಿಂದ ಕಾಡಿದೆ. ಅರುಣಾಚಲ ಪ್ರದೇಶದ ಜೀರೋ ಕಣಿವೆಯ ಅಪತಾನಿ ಹೆಂಗಸರು ಮೂಗಿನ ಎರಡೂ ಬದಿಗೆ ಬಿಲ್ಲೆ ತೊಟ್ಟು, ಹಣೆಯಿಂದ ಗದ್ದದವರೆಗೆ ಹಚ್ಚೆಯ ಗೆರೆ ಎಳೆಸಿಕೊಳ್ಳುತ್ತಿದ್ದದ್ದು ಏಕೆ? ನೆರೆಯ ಬುಡಕಟ್ಟಿನವರು ಹೊತ್ತೊಯ್ಯದಿರಲೆಂದು ಕುರೂಪಿಗಳಾಗಲಿಕ್ಕೆ. ಬರ್ಮಾದ ಚಿನ್ ಹೆಂಗಸರು ಮುಖದ ತುಂಬ ಹಚ್ಚೆ ಹಾಕಿಸಿಕೊಂಡದ್ದು ಏಕೆ? ರಾಜ ಅಪಹರಿಸದಿರಲೆಂದು. ಇಥಿಯೋಪಿಯದ ಓಮೊ ಕಣಿವೆಯ ಮುರ್ಸಿ ಹೆಂಗಸರು ಕೆಳತುಟಿಗೆ ಮಣ್ಣಿನ ತಟ್ಟೆ ತೊಡುವುದು ಏಕೆ? ಗುಲಾಮರ ವ್ಯಾಪಾರಿಗಳಿಗೆ ಬೇಡವಾಗಲೆಂದು. ಬರ್ಮಾ-ಥಾಯ್ಲೆಂಡ್ ಗಡಿಯ ಕಯಾನ್ ಹೆಂಗಸರ ಕೊರಳಿನ ಹಿತ್ತಾಳೆ ಸುರುಳಿಗೂ ಇದೇ ವಿವರಣೆ; ಜೊತೆಗೆ ಹುಲಿ ಕೊರಳಿಗೆ ಬಾಯಿ ಹಾಕದಿರಲೆಂಬ ಇನ್ನೊಂದು. ಸಾವಿರಾರು ಮೈಲಿ ದೂರದ, ಪರಸ್ಪರ ಹೆಸರೂ ಕೇಳದ ನಾಲ್ಕು ಜನಾಂಗಗಳ ಬಗ್ಗೆ ಒಂದೇ ಕಥೆ!

ಕೆಲವೆಡೆ ಸ್ಥಳೀಯರೂ ಈ ಕಥೆಯನ್ನು ಹೇಳುತ್ತಾರೆ, ನಿಜ. ಬಂದವರೆಲ್ಲ ಕೇಳುವುದು ಅದನ್ನೇ ಆದಾಗ ಹೇಳುವವರು ಬೇರೆ ಏನು ಹೇಳಿಯಾರು? 1969ರಿಂದ ಮುರ್ಸಿಗಳ ನಡುವೆ ಕ್ಷೇತ್ರಕಾರ್ಯ ನಡೆಸಿದ ಮಾನವಶಾಸ್ತ್ರಜ್ಞ ಡೇವಿಡ್ ಟರ್ಟನ್ ಗುಲಾಮರ ಕಥೆಗೆ ಆಧಾರವಿಲ್ಲವೆಂದು ಬರೆದಿದ್ದಾರೆ. ಮುರ್ಸಿಗಳ ಪಾಲಿಗೆ ತುಟಿಯ ತಟ್ಟೆ ಹುಡುಗಿ ಪ್ರಾಯಕ್ಕೆ ಬಂದದ್ದರ, ಹೆಣ್ತನದ ಘನತೆಯ ಗುರುತು. ಗಂಡನಿಗೆ ಊಟ ಬಡಿಸುವಾಗ, ಹಬ್ಬದ ಕುಣಿತದಲ್ಲಿ ಅದನ್ನು ತೊಟ್ಟು ನಡೆಯುವ ಹೆಂಗಸಿನ ನಡಿಗೆಗೇ ಬೇರೆ ಗತ್ತಿರುತ್ತದೆ. ಕುರೂಪದ ಸಿದ್ಧಾಂತ ಹುಟ್ಟುವುದು ನೋಡುಗನ ಅಸಹನೆಯಲ್ಲಿ ಎಂಬುದು ನನ್ನ ಬಲವಾದ ಅನುಮಾನ. ನನಗೆ ಚೆಲುವೆನಿಸದ್ದು ಅವಳಿಗೆ ಚೆಲುವೆನಿಸಿರಲು ಸಾಧ್ಯವೇ ಇಲ್ಲ. ಆದ್ದರಿಂದ ಯಾರದೋ ಭಯಕ್ಕೆ ಹೀಗೆ ಮಾಡಿಕೊಂಡಿರಬೇಕು ಎಂಬ ತರ್ಕ ಅದು. ನಮ್ಮ ಅಜ್ಜಿಯ ಮುಂಗೈ ಮೇಲೆ ತುಳಸಿಕಟ್ಟೆ, ಚೇಳು, ಚುಕ್ಕಿಗಳ ಹಸಿರು ಹಚ್ಚೆಯಿತ್ತು. ಸತ್ತಾಗ ಬಂಗಾರ ಬಿಚ್ಚಿಕೊಳ್ಳುತ್ತಾರೆ, ಹಚ್ಚೆ ಮಾತ್ರ ಜೊತೆಗೆ ಬರುತ್ತದೆ ಎನ್ನುತ್ತಿದ್ದಳು. ಕುರೂಪಿಯಾಗಲು ಹಾಕಿಸಿಕೊಂಡೆಯಾ ಎಂದು ಆಕೆಯನ್ನು ಯಾರಾದರೂ ಕೇಳಿದ್ದರೆ ಬಾಗಿಲ ಹೊರಗೇ ನಿಲ್ಲಿಸಿ ಮಾತಾಡಿಸುತ್ತಿದ್ದಳು.

ಕಯಾನ್ ಹೆಂಗಸರ ಕಥೆ ಇನ್ನೂ ಸಂಕೀರ್ಣವಾದದ್ದು. ಅವರ ಕೊರಳಲ್ಲಿರುವುದು ಬಿಡಿ ಬಿಡಿ ಬಳೆಗಳಲ್ಲ. ಸುತ್ತಿ ಸುತ್ತಿ ಏರಿಸಿದ ಹಿತ್ತಾಳೆಯ ಸುರುಳಿ. ಐದರ ಆಸುಪಾಸಿನ ವಯಸ್ಸಿಗೆ ಮೊದಲ ಸುರುಳಿ ಹಾಕಿ, ಬೆಳೆದಂತೆ ಬದಲಾಯಿಸುತ್ತಾರೆ. ಅದರಿಂದ ಕೊರಳು ಉದ್ದವಾಗುವುದಿಲ್ಲ. ಹಲವು ಕಿಲೊ ಭಾರಕ್ಕೆ ಕೊರಳೆಲುಬು, ಮೇಲಿನ ಪಕ್ಕೆಲುಬುಗಳು ಕೆಳಕ್ಕೆ ಜರಗಿ ಹಾಗೆ ಕಾಣುತ್ತದೆ. ಸುರುಳಿ ತೆಗೆದರೆ ಕತ್ತು ಮುರಿಯುತ್ತದೆಂಬುದೂ ಕಟ್ಟುಕಥೆ. 1930ರ ದಶಕದಲ್ಲಿ ಬ್ರಿಟನ್ನಿನ, ಅಮೆರಿಕದ ಸರ್ಕಸ್ಸುಗಳು ಈ ಹೆಂಗಸರನ್ನು ಕರೆದೊಯ್ದು ಟಿಕೆಟ್ಟಿಗೆ ತೋರಿಸಿದವು. 1980ರ ದಶಕದ ಕೊನೆಗೆ ಬರ್ಮಾ ಸೇನೆಯ ದಾಳಿಗೆ ಬೆದರಿ ಹಲವು ಕುಟುಂಬಗಳು ಥಾಯ್ಲೆಂಡಿನ ಮೇ ಹಾಂಗ್ ಸಾನ್ ಪ್ರಾಂತ್ಯಕ್ಕೆ ಓಡಿಬಂದವು. ಅಲ್ಲಿ ಅವರಿಗಾಗಿ ಹಳ್ಳಿಗಳೆದ್ದವು; ಹಳ್ಳಿಯ ಬಾಗಿಲಲ್ಲಿ ಪ್ರವೇಶಧನದ ಗಲ್ಲೆಯೂ ಎದ್ದಿತು. ಸುರುಳಿ ತೊಟ್ಟವಳಿಗೆ ತಿಂಗಳ ಸಂಬಳ, ತೊಡದವಳಿಗೆ ಇಲ್ಲ ಅಥವಾ ಕಡಿಮೆ. ಪೌರತ್ವವಿಲ್ಲ, ಬೇರೆ ಉದ್ಯೋಗಕ್ಕೆ ದಾರಿಯಿಲ್ಲ.

ನ್ಯೂಜಿಲೆಂಡ್ ಮತ್ತು ಫಿನ್ಲೆಂಡ್ ಇವರಲ್ಲಿ ಸುಮಾರು ಇಪ್ಪತ್ತು ಮಂದಿಗೆ ನೆಲೆ ಕೊಡಲು ಮುಂದೆ ಬಂದರೂ ಥಾಯ್ ಅಧಿಕಾರಿಗಳು ನಿರ್ಗಮನದ ಪರವಾನಗಿ ಕೊಡುತ್ತಿಲ್ಲವೆಂಬುದು 2008ರ ಆರಂಭದಲ್ಲಿ ಬಯಲಿಗೆ ಬಂತು. ಇವರು ನಿರಾಶ್ರಿತರ ಶಿಬಿರದಲ್ಲಿಲ್ಲ, ಸಂಪಾದನೆ ಮಾಡುತ್ತಾ ಸುಖವಾಗಿದ್ದಾರೆ ಎಂಬುದು ಅಧಿಕಾರಿಗಳ ಸಮಜಾಯಿಷಿ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಇದನ್ನು ಮಾನವ ಮೃಗಾಲಯಕ್ಕೆ ಹೋಲಿಸಿ, ಪ್ರವಾಸಿಗರು ಆ ಹಳ್ಳಿಗಳಿಗೆ ಹೋಗದಿರುವುದು ಲೇಸೆಂಬ ಸಲಹೆಯನ್ನೂ ಮುಂದಿಟ್ಟಿತು. ಆಗ ಕೆಲವು ಯುವತಿಯರು ಪ್ರತಿಭಟನೆಯಾಗಿ ಸುರುಳಿಯನ್ನೇ ಬಿಚ್ಚಿಹಾಕಿದರು.

ಇಲ್ಲಿಗೆ ಬಂದಾಗ ಓದುಗರಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಐದು ವರ್ಷದ ಮಗುವಿನ ಕೊರಳಿಗೆ ಹಿತ್ತಾಳೆ ಸುತ್ತುವುದನ್ನು, ಹದಿನೈದರ ಹುಡುಗಿಯ ತುಟಿ ಸೀಳುವುದನ್ನು ಸಂಸ್ಕೃತಿಯ ಹೆಸರಿನಲ್ಲಿ ಒಪ್ಪಿಕೊಳ್ಳಬೇಕೇ? ನಾನು ಒಪ್ಪುವುದಿಲ್ಲ. ಮಗುವಿಗೆ ಬೇಡವೆನ್ನುವ ವಯಸ್ಸು ಬರುವ ಮುನ್ನವೇ ಮೂಳೆಯ ಆಕಾರ ಬದಲಿಸುವ ಹಕ್ಕು ತಂದೆತಾಯಿಗಿಲ್ಲ ಎಂಬುದೇ ನನ್ನ ನಿಲುವು. ಅಪತಾನಿಗಳಲ್ಲಿ 1970ರ ದಶಕದಲ್ಲಿ ಮೂಗಿನ ಬಿಲ್ಲೆ, ಮುಖದ ಹಚ್ಚೆಗಳು ನಿಂತದ್ದು ಹೊರಗಿನವರ ಉಪದೇಶದಿಂದಲ್ಲ, ಅವರದೇ ಯುವಕರ ಸಂಘಟನೆ ಹೇರಿದ ಕಟ್ಟಳೆಯಿಂದ. ಓದಲು, ದುಡಿಯಲು ಬಯಲುಸೀಮೆಗಿಳಿದ ಮಕ್ಕಳು ಅಪಹಾಸ್ಯಕ್ಕೆ ಗುರಿಯಾಗುವುದು ಅವರಿಗೆ ಬೇಡವಾಗಿತ್ತು. ಅದು ಅವರ ತೀರ್ಮಾನ, ಅವರದೇ ಹಕ್ಕು. ಆದರೂ ಒಂದು ಮಾತು ಉಳಿಯುತ್ತದೆ. ಅಪಹಾಸ್ಯ ಮಾಡಿದವರು ಬದಲಾಗಲಿಲ್ಲ, ಆದವರು ಬದಲಾದರು.

ಮುರ್ಸಿಗಳ ವಿಷಯದಲ್ಲೂ ನನ್ನ ತಕರಾರು ತುಟಿಯ ತಟ್ಟೆಯೊಂದಿಗೆ ಮುಗಿಯುವುದಿಲ್ಲ. ಜೀಪಿನಲ್ಲಿ ಬಂದ ಪ್ರವಾಸಿ ಒಂದೊಂದು ಪಟಕ್ಕೂ ಇಷ್ಟೆಂದು ದುಡ್ಡು ಕೊಟ್ಟು, ಅರ್ಧಗಂಟೆಯಲ್ಲಿ ಹೊರಟುಹೋಗುತ್ತಾನೆ. ಹೆಚ್ಚು ವಿಚಿತ್ರವಾಗಿ ಕಂಡವರಿಗೆ ಹೆಚ್ಚು ಪಟ. ಹೀಗಾಗಿ ಅವರ ಪರಂಪರೆಯಲ್ಲೇ ಇಲ್ಲದ ಕೊಂಬು, ಕಾಯಿ, ಗೊಂಚಲುಗಳನ್ನು ತಲೆಗೆ ಕಟ್ಟಿಕೊಂಡು ನಿಲ್ಲುವ ರೂಢಿ ಬಂದಿದೆ. ಅವೇ ಪಟಗಳು ದುಬಾರಿ ಪುಸ್ತಕಗಳಲ್ಲಿ ‘ಅಳಿವಿನಂಚಿನ ಪ್ರಾಚೀನ ಸಂಸ್ಕೃತಿ’ ಎಂಬ ಅಡಿಬರಹದೊಂದಿಗೆ ಅಚ್ಚಾಗುತ್ತವೆ. ಪಟ ತೆಗೆಯುವವರು ಇದನ್ನೆಲ್ಲ ಒಯ್ದು ಏನು ಮಾಡುತ್ತಾರೆ ಎಂಬುದು ಮುರ್ಸಿಗಳು ಟರ್ಟನ್ ಅವರಲ್ಲಿ ಕೇಳಿದ ಪ್ರಶ್ನೆ. ಉತ್ತರ ಕೊಡುವುದು ಸುಲಭವಲ್ಲ.

ಕಸಿಯುವ ವಿಧಾನ ಈಗ ಬದಲಾಗಿದೆ. ಈಗ ತಲೆ ಬೇಡ, ವಿನ್ಯಾಸ ಸಾಕು. ಕುಸ್ತಿಪಟುವಿನಂತೆ ಮೈಬೆಳೆಸಿದ ಬಾಕ್ಸಿಂಗ್ ತಾರೆ ಮೈಕ್ ಟೈಸನ್ 2003ರಲ್ಲಿ ಎಡಗಣ್ಣಿನ ಸುತ್ತ ಮೊಕೊವನ್ನು ಹೋಲುವ ಹಚ್ಚೆ ಹಾಕಿಸಿಕೊಂಡರು. 2011ರಲ್ಲಿ ಹಾಲಿವುಡ್ಡಿನ ಹಾಸ್ಯಚಿತ್ರವೊಂದರಲ್ಲಿ ಬೇರೊಬ್ಬ ನಟನ ಮುಖದ ಮೇಲೆ ಅದೇ ಹಚ್ಚೆ ಕಾಣಿಸಿಕೊಂಡಾಗ, ಟೈಸನ್‌ಗೆ ಹಚ್ಚೆ ಹಾಕಿದ ಅಮೆರಿಕನ್ ಕಲಾವಿದ ವಿಕ್ಟರ್ ವಿಟ್ಮಿಲ್ ತನ್ನ ಕೃತಿಸ್ವಾಮ್ಯ ಉಲ್ಲಂಘನೆಯಾಗಿದೆಯೆಂದು ವಾರ್ನರ್ ಬ್ರದರ್ಸ್ ಕಂಪನಿಯ ಮೇಲೆ ದಾವೆ ಹೂಡಿದ. ನ್ಯಾಯಾಲಯ ಚಿತ್ರದ ಬಿಡುಗಡೆಯನ್ನು ತಡೆಯಲಿಲ್ಲವಾದರೂ ಅವನ ವಾದದಲ್ಲಿ ಹುರುಳಿದೆಯೆಂದಿತು. ಕೊನೆಗೆ ರಾಜಿಯಾಯಿತು. ಮಾವೊರಿ ವಿದುಷಿ, ಮೊಕೊ ಕುರಿತ ‘ಮೌ ಮೊಕೊ’ ಗ್ರಂಥದ ಕರ್ತೃಗಳಲ್ಲೊಬ್ಬರಾದ ನಹುಯಿಯಾ ತೆ ಅವೆಕೊಟುಕು ಇದನ್ನು ಕೇಳಿ ಬೆರಗಾದರು. ಅವರ ಪೂರ್ವಜರಿಂದ ಪ್ರೇರಿತವಾದ ಗೆರೆಗಳಿಗೆ ಅಮೆರಿಕದ ಕಾನೂನಿನಲ್ಲಿ ಒಡೆಯನಿದ್ದಾನೆ. ಆ ಒಡೆಯ ಅವರಲ್ಲ. ಕೃತಿಸ್ವಾಮ್ಯಕ್ಕೆ ಒಬ್ಬ ಕರ್ತೃ ಬೇಕು, ಇಷ್ಟು ವರ್ಷವೆಂಬ ಗಡುವು ಬೇಕು. ಕುಲಕ್ಕೆ ಸೇರಿದ, ಗಡುವಿಲ್ಲದ ಸಂಪತ್ತನ್ನು ಅದು ಯಾರಿಗೂ ಸೇರದ ಬೀಡುಭೂಮಿಯೆಂದೇ ಎಣಿಸುತ್ತದೆ.

ಮಾವೊರಿಗಳು ಈ ಬಗೆಯ ಹಕ್ಕುಗಳಿಗಾಗಿ 1991ರಲ್ಲಿ ವೈಟಾಂಗಿ ನ್ಯಾಯಮಂಡಳಿಯ ಮುಂದೆ ಹೂಡಿದ ದಾವೆಯ ವರದಿ ಬಂದದ್ದು 2011ರಲ್ಲಿ. ಅಷ್ಟರಲ್ಲಿ ದಾವೆ ಹೂಡಿದವರಲ್ಲಿ ಹೆಚ್ಚಿನವರು ಬದುಕಿರಲಿಲ್ಲ. ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆ 2024ರ ಮೇ ತಿಂಗಳಲ್ಲಿ ಸಾಂಪ್ರದಾಯಿಕ ಜ್ಞಾನದ ಬಗ್ಗೆ ಒಂದು ಒಪ್ಪಂದವನ್ನು ಅಂಗೀಕರಿಸಿತು. ಅದಕ್ಕೆ ಸಂಬಂಧಿಸಿದ್ದು ತಳಿಸಂಪನ್ಮೂಲ ಮತ್ತು ಅದಕ್ಕೆ ಹೊಂದಿದ ತಿಳಿವಳಿಕೆ. ಹಾಡು, ಕುಣಿತ, ಹಚ್ಚೆಗಳು ಅದರ ವ್ಯಾಪ್ತಿಯಲ್ಲಿಲ್ಲ. ಗಿಡಮೂಲಿಕೆಗೆ ಸಿಕ್ಕ ರಕ್ಷಣೆ ಮುಖಕ್ಕೆ ಸಿಕ್ಕಿಲ್ಲ. ಮಾವೊರಿ ಹಚ್ಚೆಗಾರರು ತಮ್ಮ ಮಟ್ಟಿಗೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಹೊರಗಿನವರು ಬಂದರೆ ‘ಕಿರಿತುಹಿ’ ಹಾಕಿಕೊಡುತ್ತಾರೆ. ಹಾಗೆಂದರೆ ಚರ್ಮದ ಬರಹ. ಶೈಲಿ ಮಾವೊರಿಯದು, ವಂಶಾವಳಿಯ ಅರ್ಥ ಮಾತ್ರ ಅದರಲ್ಲಿಲ್ಲ. ಇದು ನನಗೆ ಬಹಳ ಉದಾರವಾದ ನಡೆಯಾಗಿ ಕಾಣುತ್ತದೆ.

ಸ್ವದೇಶದಲ್ಲಿ ಅವರಿಗೆ ಸಿಕ್ಕ ಉದಾರತೆಯ ಪ್ರಮಾಣವನ್ನೂ ನೋಡಬೇಕು. ಏರ್ ನ್ಯೂಜಿಲೆಂಡ್ ವಿಮಾನಗಳ ಬಾಲದ ಮೇಲಿರುವುದು ಮಾವೊರಿಗಳ ‘ಕೊರು’ ಎಂಬ ಎಳೆಯ ಜರೀಗಿಡದ ಸುರುಳಿ. ಆದರೆ ಕಣ್ಣಿಗೆ ಕಾಣುವಂಥ ಮೊಕೊ ಇದ್ದವರಿಗೆ ಆ ಸಂಸ್ಥೆಯ ಸಮವಸ್ತ್ರ ತೊಡುವ ಅವಕಾಶ ಸಿಕ್ಕಿದ್ದು 2019ರ ಸೆಪ್ಟೆಂಬರ್ 1ರಿಂದ. ವಿಮಾನದ ಬಾಲಕ್ಕೆ ಒಪ್ಪಿದ ಗೆರೆ ಪರಿಚಾರಿಕೆಯ ಕೈಗೆ ಒಪ್ಪಲು ದಶಕಗಳೇ ಬೇಕಾದವು. ಈ ವಿಷಯದಲ್ಲಿ ನಮ್ಮ ಸೇನೆಯ ನೇಮಕಾತಿ ನಿಯಮ ಹೆಚ್ಚು ವಿವೇಕದ್ದು ಎನ್ನಬೇಕು. ಇತರರಿಗೆ ಮುಂಗೈಯ ಒಳಭಾಗ, ಅಂಗೈಯ ಹಿಂಬದಿ ಬಿಟ್ಟು ಬೇರೆಡೆ ಹಚ್ಚೆಯಿರುವಂತಿಲ್ಲ. ಪರಿಶಿಷ್ಟ ಪಂಗಡಗಳ ಅಭ್ಯರ್ಥಿಗಳಿಗೆ ಮಾತ್ರ ಅವರವರ ಸಂಪ್ರದಾಯದ ಪ್ರಕಾರ ವಿನಾಯಿತಿ ಇದೆ.

ಹಾಗೆಂದು ನಾವು ಬೆನ್ನು ತಟ್ಟಿಕೊಳ್ಳುವಂತಿಲ್ಲ. ಹಚ್ಚೆಯನ್ನು ಶಿಕ್ಷೆಯಾಗಿಸಿದ ಚರಿತ್ರೆಯೂ ಈ ನೆಲದ್ದೇ. 18ನೇ ಶತಮಾನದ ಕೊನೆಯಿಂದ 1849ರವರೆಗೆ ಕಂಪನಿ ಸರ್ಕಾರ ಬಂಗಾಳ, ಮದ್ರಾಸ್ ಪ್ರಾಂತ್ಯಗಳ ಜೀವಾವಧಿ ಕೈದಿಗಳ ಹಣೆಯ ಮೇಲೆ ಅಪರಾಧದ ವಿವರವನ್ನೇ ಹಚ್ಚೆಯಾಗಿ ಚುಚ್ಚಿಸುತ್ತಿತ್ತು. ‘ಗೋದ್ನಾ’ ಎಂಬ ಹೆಂಗಸರ ಅಲಂಕಾರದ ಪದವನ್ನೇ ಇದಕ್ಕೂ ಬಳಸಲಾಯಿತು. ನಮ್ಮ ಹಳ್ಳಿಗಳಲ್ಲಿ ಮನೆಮನೆಗೆ ಬಂದು, ಹಾಡು ಹೇಳುತ್ತಾ ನೋವು ಮರೆಸಿ, ಹೆಣ್ಣುಮಕ್ಕಳ ಕೈಗೆ ಹಚ್ಚೆ ಹಾಕುತ್ತಿದ್ದವರು ಕೊರವಂಜಿಯರು. 1911ರ ಅಪರಾಧಿ ಬುಡಕಟ್ಟು ಕಾಯ್ದೆ ಮದ್ರಾಸ್ ಪ್ರಾಂತ್ಯಕ್ಕೆ ಅನ್ವಯವಾದಾಗ ಕೊರವರ ಗುಂಪುಗಳನ್ನೂ ಹುಟ್ಟು ಅಪರಾಧಿಗಳ ಪಟ್ಟಿಗೆ ಸೇರಿಸಲಾಯಿತು. ಹಚ್ಚೆಯನ್ನು ಮೆಚ್ಚಿದ ಊರು ಹಚ್ಚೆ ಹಾಕಿದವಳನ್ನು ಪೊಲೀಸ್ ಠಾಣೆಯ ಹಾಜರಿ ಪುಸ್ತಕಕ್ಕೆ ಬಿಟ್ಟುಕೊಟ್ಟಿತು. ಇಂದು ಬೆಂಗಳೂರಿನ ಮಾಲುಗಳಲ್ಲಿ ಹವಾನಿಯಂತ್ರಿತ ಟ್ಯಾಟೂ ಅಂಗಡಿಗಳಿವೆ. ಗೋಡೆಯ ಮೇಲೆ ‘ಟ್ರೈಬಲ್’ ಎಂಬ ಶೀರ್ಷಿಕೆಯಡಿ ಮಾದರಿಗಳ ಸಾಲಿದೆ. ಯಾವ ಬುಡಕಟ್ಟು ಎಂದು ಕೇಳಿದರೆ ಅಂಗಡಿಯವನಿಗೂ ಗೊತ್ತಿರುವುದಿಲ್ಲ, ಹಾಕಿಸಿಕೊಳ್ಳುವವನಿಗೂ ಬೇಕಿರುವುದಿಲ್ಲ.

2021ರ ನವೆಂಬರ್‌ನಲ್ಲಿ ಅಂಕೋಲಾ ತಾಲ್ಲೂಕಿನ ತುಳಸಿ ಗೌಡ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಿದ ದೃಶ್ಯ ಬಹುಮಂದಿಯ ನೆನಪಿನಲ್ಲಿರಬಹುದು. ಬರಿಗಾಲು, ರವಿಕೆಯಿಲ್ಲದೆ ಉಟ್ಟ ಸೀರೆ, ಕೊರಳು ತುಂಬಿ ಎದೆಗಿಳಿದ ಮಣಿಸರಗಳ ರಾಶಿ. ಮರುದಿನ ದೇಶದ ಪತ್ರಿಕೆಗಳೆಲ್ಲ ಅವರ ‘ಸರಳತೆ’ಯನ್ನು ಕೊಂಡಾಡಿದವು. ಹಾಲಕ್ಕಿ ಒಕ್ಕಲಿಗರ ಹೆಂಗಸರನ್ನು ಬಲ್ಲ ಉತ್ತರ ಕನ್ನಡದವರಿಗೆ ಆ ಪದ ಕೇಳಿ ನಗು ಬಂದಿರಬೇಕು. ಆ ಮಣಿಗಳಲ್ಲಿ ಸರಳವಾದದ್ದೇನೂ ಇಲ್ಲ. ಸರದ ಮೇಲೆ ಸರ ಹೇರಿ, ಬಣ್ಣ ಹೊಂದಿಸಿ ತೊಡುವ ಆ ಉಡುಗೆ ಹಾಲಕ್ಕಿ ಹೆಂಗಸಿನ ಪೂರ್ಣಾಲಂಕಾರ. ರಾಷ್ಟ್ರಪತಿಗಳ ಮುಂದೆ ಆಕೆ ನಿಂತದ್ದು ತನ್ನ ಸಮುದಾಯದ ಸಕಲ ಮರ್ಯಾದೆಯೊಂದಿಗೆ. ಅಲ್ಲಿದ್ದ ಸೂಟುಗಳು ಅದರ ಮುಂದೆ ಸರಳವಾಗಿದ್ದವು. ನಮ್ಮ ಕಣ್ಣಿಗೆ ಬಡತನ ಮಾತ್ರ ಬಿತ್ತು; ಅದಕ್ಕೆ ನಾವು ಮೆಚ್ಚುಗೆಯ ಹೆಸರಿಟ್ಟೆವು.

ಅದೇ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರೂ ಅಂಥದೇ ಮಣಿಸರಗಳಲ್ಲಿ 2017ರಲ್ಲಿ ಪದ್ಮಶ್ರೀ ಪಡೆದರು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಸುಕ್ರಜ್ಜಿ ವರ್ಷಾನುಗಟ್ಟಲೆ ಕೇಳಿದರು; ಮಂತ್ರಿಗಳು ಬಂದರೆ ಮೊದಲು ಹೇಳುತ್ತಿದ್ದದ್ದು ಅದನ್ನೇ. ಬಂದವರು ಅಜ್ಜಿಯ ಹಾಡು ಕೇಳಿ, ಮಣಿಗಳ ಜೊತೆಗೆ ಪಟ ತೆಗೆಸಿಕೊಂಡು ಹೋದರು. ತುಳಸಿ ಗೌಡ 2024ರ ಡಿಸೆಂಬರ್‌ನಲ್ಲಿ, ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಆವರೆಗೂ ಹಾಲಕ್ಕಿಗಳ ಹೆಸರು ಆ ಪಟ್ಟಿಗೆ ಸೇರಿರಲಿಲ್ಲ.